ಹೊಗೆಯಿಲ್ಲದ ಕೆಂಡ

ಕಬ್ಬಿಣದ ಬಾಣಲೆಯೊಂದು ಸಿಮೆಂಟಿನ ನೆಲಕ್ಕೆ ತಾಗಿದ ಸಣ್ಣ ಸದ್ದು. ಗಂಟೆ ಹನ್ನೊಂದೂವರೆ. ಹಾಸ್ಟೆಲಿನ ಹುಡುಗಿಯರು ಅಷ್ಟು ಹೊತ್ತಿನಲ್ಲಿ ಮಾಡುವ ಸದ್ದುಗಳೆಲ್ಲ ಪದ್ಮಾಕ್ಷಿಗೆ ಗೊತ್ತಿದ್ದವು. ಇದು ಬೇರೆ. ಅವಳು ಶಾಲು ಹೊದ್ದು, ಟಾರ್ಚ್ ಹಿಡಿದು ವಾರ್ಡನ್ ಕೋಣೆಯಿಂದ ಹೊರಗೆ ಬಂದಳು.

ಕಾರಿಡಾರಿನ ಕೊನೆಯಲ್ಲಿ, ಹದಿನಾಲ್ಕನೇ ಕೋಣೆಯ ಎದುರು ಕಸ ಗುಡಿಸುವ ಹೊನ್ನಮ್ಮ ಬಗ್ಗಿ ನಿಂತಿದ್ದಳು. ಕಾಲ ಬಳಿ ಬಾಣಲೆ ತುಂಬ ಕೆಂಡ. ಕಂಕುಳಲ್ಲಿ ಬಿದಿರಿನ ಬುಟ್ಟಿ.

"ಏನಿದು ಹೊನ್ನಮ್ಮಕ್ಕ?"

"ಮೆಲ್ಲ ಮಾತಾಡಿ ಮೇಡಂ. ಬೇರೆ ಗೂಡೆಗ ಎದ್ದರೆ ಎಲ್ಲರಿಗೂ ಬೇಕಂತಾವೆ." ಹೊನ್ನಮ್ಮನ ಅರೆಭಾಷೆಯಲ್ಲಿ ಹುಡುಗಿಯರೆಲ್ಲ ಗೂಡೆಗಳೇ. "ಮೋಕ್ಷಿತಂಗೆ ಮೈ ಕಾಯ್ತಾ ಉಟ್ಟು. ಬೆಳಗ್ಗೆ ಐಸಿನಂಥ ನೀರಲ್ಲಿ ಮಿಂದದೆ. ಮೂರು ದಿನ ಆತ್, ಒಂದು ಬಟ್ಟೆ ಒಣಗಿತ್ಲೆ. ನಾಳೆ ಪರೀಕ್ಷೆ ಬೇರೆ."

"ಕೋಣೆಯೊಳಗೆ ಬೆಂಕಿ ಇಡಬಾರದು ಅಂತ ಗೊತ್ತಲ್ಲ ನಿಮಗೆ?"

"ಬೆಂಕಿ ಎಲ್ಲಿ ಉಟ್ಟು? ಬರೀ ಕೆಂಡ. ನೋಡಿ, ಒಂದೆಳೆ ಹೊಗೆ ಇಲ್ಲೆ. ಹೊಗೆಯಾಡುದನ್ನೆಲ್ಲ ಒಲೆಯಲ್ಲೇ ಬಿಟ್ಟು, ಚೆನ್ನಾಗಿ ಉರಿದದ್ದನ್ನೇ ಆರಿಸಿ ತಂದೆ. ನನ್ನ ಮೂರು ಮಕ್ಕಳ ಬಟ್ಟೆನೂ ಹಿಂಗೇ ಒಣಗಿಸಿದ್ದ್."

ಬಾಗಿಲು ತೆರೆಯಿತು. ಕಂಬಳಿ ಸುತ್ತಿಕೊಂಡ ಮೋಕ್ಷಿತಾ ವಾರ್ಡನ್‌ರನ್ನು ಕಂಡು ಗಾಬರಿಯಾದಳು. ಬಿ.ಎಸ್ಸಿ. ಮೊದಲ ವರ್ಷ, ಊರು ಕರಿಕೆ. ಕೋಣೆಯಲ್ಲಿ ಜೊತೆಗಿದ್ದ ಶ್ವೇತ ಮೂರ್ನಾಡಿನ ಮನೆಗೆ ಹೋಗಿದ್ದಳು. "ನಾಳೆಗೆ ಒಂದು ಚೂಡಿದಾರ ಒಣಗಿದರೆ ಸಾಕು ಮೇಡಂ," ಎಂದಳು.

"ಒಂದೇ ಗಂಟೆ," ಎಂದಳು ಪದ್ಮಾಕ್ಷಿ. "ಆಮೇಲೆ ಹೊರಗಿಡಬೇಕು."

"ನಾನೇ ಬಂದು ತೆಗೆನೆ," ಎಂದಳು ಹೊನ್ನಮ್ಮ. ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಒದ್ದೆ ಬಟ್ಟೆ ಹರಡಲು ಒಳಗೆ ಹೋದಳು.

ಹಾಸಿಗೆಗೆ ಮರಳಿದ ಪದ್ಮಾಕ್ಷಿಗೆ ನಿದ್ದೆ ಹತ್ತಲಿಲ್ಲ. ಆ ನಿಯಮವನ್ನು ಬರೆದವಳು ಅವಳೇ. ಕ್ಯಾಂಪಸ್ಸಿನ ಇಂಗಾಲದ ಹೊರಸೂಸುವಿಕೆಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕೆಂದು ವಿಶ್ವವಿದ್ಯಾಲಯ ಹೊರಟಾಗ, ಪರಿಸರ ವಿಜ್ಞಾನ ಕಲಿಸುವವಳು, ಹಾಸ್ಟೆಲಿನಲ್ಲೇ ಇರುವವಳು ಎಂದು ಯೋಜನೆಯ ಹಾಸ್ಟೆಲ್ ಅಧ್ಯಾಯ ಬರೆಯುವುದನ್ನು ಅವಳಿಗೆ ವಹಿಸಿದ್ದರು. ನೂರಿಪ್ಪತ್ತು ಹುಡುಗಿಯರ ಸ್ನಾನದ ನೀರಿಗೆ ವರ್ಷಕ್ಕೆ ಮೂವತ್ತು ಟನ್ ಸೌದೆ. ಬಾಯ್ಲರ್ ತೆಗೆಯುವುದು, ತಾರಸಿಯ ಮೇಲೆ ಸೋಲಾರ್ ಹೀಟರ್ ಇಡುವುದು. ಹುಡುಗಿಯರು ಕದ್ದು ಉರಿಸುವ ಕಾಯಿಲ್ ಹೀಟರುಗಳನ್ನು ವಶಕ್ಕೆ ಪಡೆಯುವುದು. ಅವುಗಳ ಅಗತ್ಯವೇ ಬೀಳದಂತೆ ವೆಂಟಿಲೇಟರುಗಳಿಗೆ ಗಾಜು ಕೂರಿಸುವುದು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಬಡಿಯುವುದು. ಬರೆಯುವಾಗ ಎಲ್ಲವೂ ಸರಿಯಾಗಿತ್ತು. ಈಗಲೂ ತಪ್ಪು ಯಾವುದೆಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಜೂನ್ ಎರಡನೇ ವಾರದಿಂದ ಬಿಸಿಲಿಲ್ಲ, ಅಷ್ಟೆ. ಬಿಸಿಲಿಲ್ಲದಾಗ ನೀರು ಕಾಯಿಸಲೆಂದು ಬರಬೇಕಿದ್ದ ಬ್ಯಾಕಪ್ ಯಂತ್ರ ಇನ್ನೂ ಬಂದಿರಲಿಲ್ಲ. "ಸೂರ್ಯಂಗೆ ಬಾಳೆಲೆ ಹಾಕಿ ಕೂತೊಳೊ, ಅಂವ ಊಟಕ್ಕೆ ಬರ್ತಾನೇ ಇಲ್ಲೆ," ಎಂದು ಹೊನ್ನಮ್ಮ ತಾರಸಿ ತೋರಿಸಿ ನಗಿಸುತ್ತಿದ್ದಳು. ಹತ್ತೊಂಬತ್ತು ವರ್ಷ ಆ ಬಾಯ್ಲರಿಗೆ ಸೌದೆ ಹಾಕಿದವಳು ಈಗ ಕಾರಿಡಾರ್ ಗುಡಿಸುತ್ತಿದ್ದಳು. ಕ್ಯಾಂಪಸ್ಸಿನಲ್ಲಿ ಉಳಿದಿದ್ದ ಸೌದೆ ಒಲೆ ಒಂದೇ, ಅಡುಗೆಮನೆಯ ಅನ್ನದ ಒಲೆ. ಅದಕ್ಕೂ ಆಗಸ್ಟ್ ಕೊನೆಯ ಗಡುವಿತ್ತು.

ವೆಂಟಿಲೇಟರು.

ಪದ್ಮಾಕ್ಷಿ ಕತ್ತಲಲ್ಲಿ ಕಣ್ಣು ತೆರೆದಳು. ಹೊನ್ನಮ್ಮನ ಮನೆಗೆ ಹೆಂಚಿನ ಮಾಡು. ಅಲ್ಲಿ ಎಲ್ಲ ಸಂದಿಯಿಂದಲೂ ಗಾಳಿ. ಹದಿನಾಲ್ಕನೇ ಕೋಣೆಗೆ ಗಾಜು. ಬಾಗಿಲ ಕೆಳಗಾದರೂ ಸಂದಿ ಇರುತ್ತದೆ ಎಂದುಕೊಂಡಳು. ಮರುಕ್ಷಣವೇ ರಬ್ಬರ್ ಪಟ್ಟಿ ನೆನಪಾಯಿತು. ಹೊಗೆಯಿಲ್ಲದ ಕೆಂಡದಿಂದ ಏಳುವ, ಬಣ್ಣ ವಾಸನೆ ಒಂದೂ ಇಲ್ಲದ ವಿಷಾನಿಲದ ಬಗ್ಗೆ ಅವಳು ಕಳೆದ ತಿಂಗಳಷ್ಟೇ ಪಾಠ ಮಾಡಿದ್ದಳು. ಎದ್ದು ಹೋಗಿ ನೋಡಬೇಕು. ಹೋದರೆ ಹುಡುಗಿ ಮಲಗಿರುತ್ತಾಳೆ, ಸುಮ್ಮನೆ ಎಬ್ಬಿಸಿದ ಹಾಗಾಗುತ್ತದೆ. ಹೊನ್ನಮ್ಮ ತೆಗೆಯುತ್ತೇನೆ ಎಂದಿದ್ದಾಳಲ್ಲ. ಹೊದಿಕೆಯೊಳಗೆ ಈಗಷ್ಟೇ ಕಾಲು ಬೆಚ್ಚಗಾಗತೊಡಗಿತ್ತು. ಅವಳು ಮಗ್ಗುಲು ಬದಲಿಸಿದಳು.

ಹೊನ್ನಮ್ಮ ಹನ್ನೆರಡೂವರೆಗೆ ಬಂದಿದ್ದಳಂತೆ. ಚಿಲಕ ಹಾಕಿತ್ತು. ಎರಡು ಸಲ ಮೆಲ್ಲಗೆ ಬಡಿದು, ಜ್ವರದ ಮಗು ನಿದ್ದೆ ಮಾಡಲಿ ಎಂದು ಹೋಗಿ ಮಲಗಿದ್ದಳಂತೆ.

ಬೆಳಿಗ್ಗೆ ಏಳಕ್ಕೆ ವಾಚ್‌ಮನ್ನನೂ ಮೆಸ್ಸಿನ ಭಟ್ಟರೂ ಸೇರಿ ಚಿಲಕ ಮುರಿದರು. ಬುಟ್ಟಿಯ ಮೇಲೆ ಚೂಡಿದಾರ ಗರಿಗರಿಯಾಗಿ ಒಣಗಿತ್ತು. ಮೋಕ್ಷಿತಾ ಮಂಚದಿಂದ ಅರ್ಧ ಕೆಳಗಿಳಿದು ಬಾಗಿಲ ಕಡೆ ಕೈ ಚಾಚಿ ಬಿದ್ದಿದ್ದಳು.

ಮಡಿಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಬಾಯಿ ತೆರೆಯುವ ಮೊದಲೇ ಪದ್ಮಾಕ್ಷಿ, "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು ಡಾಕ್ಟ್ರೇ, ರಾತ್ರಿಯಿಡೀ," ಎಂದಳು. ಹೇಳಿದ್ದು ಒಳ್ಳೆಯದಾಯಿತು ಎಂದು ಅವರು ಆಮ್ಲಜನಕದ ಮುಖವಾಡ ತರಿಸಿದರು. ಕೆಂಡ ಯಾರು ಕೊಟ್ಟರೆಂದು ಅವರು ಕೇಳಲಿಲ್ಲ. ಮೂರನೇ ದಿನ ಮೋಕ್ಷಿತಾ ಮಾತಾಡಿದಳು. ಅಪ್ಪನ ಗುರುತು ಸಿಕ್ಕಿತು, ಊರಿನ ಹೆಸರು ಹೇಳಿದಳು. ಆ ರಾತ್ರಿಯದು ಮಾತ್ರ ಏನೂ ನೆನಪಿರಲಿಲ್ಲ. ಬಲಗೈ ನಡುಗುತ್ತಿತ್ತು. ಪೆನ್ನು ಕೊಟ್ಟರೆ ಜಾರುತ್ತಿತ್ತು. ಕೈ ಸರಿಹೋಗಬಹುದು, ಓದುತ್ತ ಬರೆಯುತ್ತ ಇರಲಿ ಎಂದರು ಡಾಕ್ಟರು.

ಹಸಿರು ಕ್ಯಾಂಪಸ್ ಸಮಿತಿಯ ಸಂಚಾಲಕರು ರೇಣುಕಪ್ರಸಾದ್. ಕೆಟ್ಟ ಮನುಷ್ಯರಲ್ಲ. ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರು. ನಾಲ್ಕನೇ ದಿನ ಪದ್ಮಾಕ್ಷಿಯನ್ನು ಕರೆಸಿ, ಬಾಗಿಲು ಮುಚ್ಚಿ ಕೇಳಿದರು.

"ಕೆಂಡ ಎಲ್ಲಿಂದ ಬಂತು?"

"ಅಡುಗೆಮನೆಯಿಂದ, ಸರ್."

"ಅಂದರೆ ಹುಡುಗಿಯೇ ತಂದುಕೊಂಡಳು."

ಅದು ಪ್ರಶ್ನೆಯಾಗಿರಲಿಲ್ಲ. ಪದ್ಮಾಕ್ಷಿ ಮೇಜಿನ ಮೇಲಿದ್ದ ಯೋಜನೆಯ ಪ್ರತಿಯನ್ನು ನೋಡಿದಳು. ಹೊದಿಕೆಯ ಮೇಲೆ ಅವರದೇ ಗುಡ್ಡ, ಅವರದೇ ತಾರಸಿ. ಸ್ವಚ್ಛ ಬಿಸಿಲು.

"ನೋಡಿ ಮೇಡಂ," ಎಂದರು ರೇಣುಕಪ್ರಸಾದ್, ದನಿ ತಗ್ಗಿಸಿ. "ಸಿಬ್ಬಂದಿ ಕೊಟ್ಟರು ಅಂತಾದರೆ ಏನಾಗುತ್ತದೆ? ಬಿಸಿನೀರು ಕಿತ್ತುಕೊಂಡರು, ಅದಕ್ಕೇ ಕೆಂಡ ಕೊಡಬೇಕಾಯಿತು ಅಂತಾರೆ. ಬಾಯ್ಲರ್ ವಾಪಸ್ ಬರುತ್ತದೆ. ಇನ್ನು ಹತ್ತು ವರ್ಷ ಯಾರೂ ಈ ಮಾತೆತ್ತುವುದಿಲ್ಲ. ನೀವೇ ಬರೆದದ್ದಲ್ಲವಾ ಇದನ್ನು?"

"ಮೋಕ್ಷಿತಾಳ ಸೀಟು?"

"ನಿಯಮ ಮುರಿದವರನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ಕಾಲೇಜಿನಿಂದ ತೆಗೆಯುವುದಿಲ್ಲವಲ್ಲ. ಮನೆಯಿಂದ ಓಡಾಡಲಿ."

"ಕರಿಕೆಯಿಂದ? ಸರ್, ದಿನಾ ಆ ಘಾಟಿಯಲ್ಲಿ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು. "ವರದಿ ನಾಳೆ ಕೊಡಿ," ಎಂದರು.

ಸಂಜೆ ಹೊನ್ನಮ್ಮ ಪೊರಕೆ ಹಿಡಿದೇ ವಾರ್ಡನ್ ಕೋಣೆಗೆ ಬಂದಳು. ನಾಲ್ಕು ದಿನದಲ್ಲಿ ಅವಳ ಮುಖ ಇಳಿದುಹೋಗಿತ್ತು.

"ಆ ಗೂಡೆ ಕದ್ದದೆ ಅಂತ ಮಾತಾಡ್ತೊಳೊ ಎಲ್ಲ. ನಾ ಹೋಗಿ ಹೇಳ್ನೆ ಮೇಡಂ, ಕೊಟ್ಟದ್ದ್ ನಾನ್ ಅಂತ."

"ಹೇಳಿದರೆ ನಾಳೆಯಿಂದ ಕೆಲಸ ಇರುವುದಿಲ್ಲ, ಹೊನ್ನಮ್ಮಕ್ಕ."

"ಇಲ್ಲದಿದ್ದರೆ ಬೇಡ. ಗುಡಿಸಿದ್ದನ್ನೇ ಗುಡಿಸ್ತಾ ಒಳೆ, ಅದೂ ಒಂದು ಕೆಲಸವಾ?"

"ಪೊಲೀಸರು ಬರುತ್ತಾರೆ. ಕೇಸಾದರೆ ಈ ವಯಸ್ಸಿನಲ್ಲಿ ಕೋರ್ಟಿಗೆ ಅಲೆಯುತ್ತೀರಾ? ಮಗಳ ಮದುವೆ ಮಾತುಕತೆ ಬೇರೆ ನಡೆಯುತ್ತಿದೆ ಅಂತಿದ್ದಿರಿ."

ಹೊನ್ನಮ್ಮ ಅವಳನ್ನೇ ನೋಡಿದಳು. "ನೀವೂ ಅಲ್ಲೇ ಇದ್ದಿರಿ ಅಂತ ನಾ ಹೇಳುದಿಲ್ಲೆ. ಅದ್ಕೆ ಹೆದರುದಾ?"

"ನಾನು ನಿಮಗೋಸ್ಕರ ಹೇಳುತ್ತಿರುವುದು."

"ನಂಗೋಸ್ಕರ," ಎಂದಳು ಹೊನ್ನಮ್ಮ. ಪೊರಕೆಯನ್ನು ಇನ್ನೊಂದು ಕೈಗೆ ತೆಗೆದುಕೊಂಡು, "ಆತ್," ಎಂದಳು. ಕಾರಿಡಾರಿನಲ್ಲಿ ಮತ್ತೆ ಪೊರಕೆ ಆಡುವುದು ಕೇಳಿಸಿತು.

ರಾತ್ರಿ ಪದ್ಮಾಕ್ಷಿ ವರದಿ ಬರೆದಳು. 'ತಂದುಕೊಂಡಿದ್ದಾಳೆ' ಎಂದು ಬರೆದು ಹೊಡೆದು ಹಾಕಿದಳು. 'ತಂದುಕೊಂಡಿರುವಂತೆ ತೋರುತ್ತದೆ' ಎಂದು ಬರೆದಳು. ಅದರಲ್ಲಿ ಸುಳ್ಳಿಲ್ಲ ಎಂದು ಎರಡು ಸಲ ಓದಿಕೊಂಡಳು.

ಭಾನುವಾರ ಮೋಕ್ಷಿತಾಳ ತಂದೆ ಬೊಳ್ಳಪ್ಪ ಬಾಡಿಗೆ ಜೀಪು ಮಾಡಿಕೊಂಡು ಬಂದ. ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನೇ ಹದಿನಾಲ್ಕನೇ ಕೋಣೆಯಿಂದ ಟ್ರಂಕು, ಹಾಸಿಗೆ, ಪುಸ್ತಕದ ಚೀಲ ಹೊತ್ತು ತಂದ. ನೆರವಿಗೆ ಬಂದ ಹುಡುಗಿಯರನ್ನು, "ಬೇಡ ಮಕ್ಕಳೆ, ಕೈ ಕೊಳೆಯಾಕು," ಎಂದು ದೂರ ನಿಲ್ಲಿಸಿದ. ಆಮೇಲೆ ಪದ್ಮಾಕ್ಷಿಯ ಎದುರು ಬಂದು ಕೈ ಮುಗಿದ.

"ನಮ್ಮ ಗೂಡೆಯಿಂದ ನಿಮ್ಮ ಹೆಸರಿಗೂ ಕೆಟ್ಟದಾತ್ ಮೇಡಂ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೆಂಚಿನಡಿ ಬೆಳೆದದ್ದ್ ಅದು. ಹೊಗೆ ಇಲ್ಲದ್ದಕ್ಕೆ ಹೆದರೊಕು ಅಂತ ನಂಗೇ ಗೊತ್ತಿಲ್ಲೆ, ಅದ್ಕೆ ಹೆಂಗೆ ಗೊತ್ತಾಕು?"

"ಓದು ಬಿಡಿಸಬೇಡಿ," ಎಂದಳು ಪದ್ಮಾಕ್ಷಿ.

"ಇಲ್ಲಿ ಹೊರಗೆ ರೂಮು ಮಾಡಿ ಗೂಡೆನ ಒಂಟಿಯಾಗಿ ಬಿಡ್ಲಿಕ್ಕೆ ಅದರ ಅವ್ವ ಒಪ್ಪುದಿಲ್ಲೆ. ಸಾಕು. ಜೀವ ಉಳಿದುಟ್ಟಲ್ಲ." ಅವನು ಜೀಪಿನಿಂದ ಹಳೆಯ ಶರಬತ್ತಿನ ಬಾಟಲಿಯೊಂದನ್ನು ತಂದು ಅವಳ ಕೈಗಿಟ್ಟ. "ಕಾಡುಜೇನು. ಕೆಂಡದ ವಿಷಯ ನೀವು ಕೂಡಲೇ ಹೇಳದಿದ್ದರೆ ಉಳೀತಿರಲಿಲ್ಲೆ ಅಂತ ಡಾಕ್ಟ್ರು ಹೇಳಿದೊ. ನಿಮ್ಮ ಉಪಕಾರ ಮರೆಯುದಿಲ್ಲೆ."

ಪದ್ಮಾಕ್ಷಿ ಜೀಪಿನ ಬಳಿ ಹೋದಳು. ಮೋಕ್ಷಿತಾ ನಡುಗುವ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು ಕೂತಿದ್ದಳು.

"ಮೇಡಂ, ಎಷ್ಟು ಯೋಚನೆ ಮಾಡಿದರೂ ನೆನಪು ಬರ್ತಿಲ್ಲ. ನಾನು ಕದ್ದೇ ತಂದಿರಬೇಕು, ಅಲ್ವಾ?"

ಅವಳು ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ. ಒಂದೇ ಒಂದು ಮಾತು ಸಾಕಿತ್ತು. ಪದ್ಮಾಕ್ಷಿ ಬಾಯಿ ತೆರೆದಳು. ಮೆಟ್ಟಿಲ ಮೇಲೆ ಹುಡುಗಿಯರ ನಡುವೆ ನಿಂತಿದ್ದ ಹೊನ್ನಮ್ಮ ಇತ್ತಲೇ ನೋಡುತ್ತಿದ್ದಳು.

"ಈಗ ಅದನ್ನೆಲ್ಲ ಯೋಚಿಸಬೇಡ," ಎಂದಳು ಪದ್ಮಾಕ್ಷಿ.

ಹುಡುಗಿ ತಲೆಯಾಡಿಸಿದಳು. ಸಿಕ್ಕಬೇಕಾದ ಉತ್ತರ ಸಿಕ್ಕಿತು ಎಂಬಂತಿತ್ತು.

ಬೊಳ್ಳಪ್ಪ ಹಿಂದೆ ಟ್ರಂಕಿನ ಪಕ್ಕ ಹತ್ತಿ ಕೂತ. ಡ್ರೈವರ್ ಜೀಪನ್ನು ಹಿಂದಕ್ಕೆ ತೆಗೆದು ತಿರುಗಿಸುತ್ತಿದ್ದ. ತಾನು ಅಲ್ಲಿದ್ದದ್ದನ್ನು, ಎಚ್ಚರವಿದ್ದೂ ಹೊದಿಕೆಯೊಳಗೆ ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಪದ್ಮಾಕ್ಷಿ ನಿರ್ಧರಿಸಿದಳು. ಇವತ್ತಲ್ಲ, ಇನ್ನು ಯಾವತ್ತೂ. ನಿರ್ಧರಿಸಿದ ಮೇಲೆ ಉಸಿರಾಟ ಸ್ವಲ್ಪ ಸಲೀಸಾಯಿತು.

ಬಾಟಲಿಯ ಬಿರಡೆ ಸಡಿಲವಿತ್ತು. ಜೇನು ಅವಳ ಬೆರಳ ಸಂದಿಯಲ್ಲಿ ಮೆಲ್ಲಗೆ ಇಳಿದು ಮಣಿಕಟ್ಟಿನವರೆಗೆ ಬಂದಿತ್ತು. ಸೀರೆಗೆ ತಾಗದಂತೆ ಕೈಯನ್ನು ಮೈಯಿಂದ ದೂರ ಚಾಚಿ ಹಿಡಿದು, ಜೀಪು ಗೇಟು ದಾಟುವವರೆಗೆ ಅವಳು ಹಾಗೆಯೇ ನಿಂತಳು.