ಅತ್ತಿಂದಿತ್ತ ಹೋದ ಏಳು ಕಿಲೋ

ಪೌಷ್ಟಿಕಾಂಶದ ಪರೀಕ್ಷೆಯಲ್ಲಿ ಇಡೀ ನರ್ಸಿಂಗ್ ಕಾಲೇಜಿಗೆ ಕಡ್ಡಿ ಮೊದಲು, ಡುಮ್ಮಿ ಎರಡನೆಯವಳು. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ರೂಮು. ಬಾಳೆಹಣ್ಣಿನಲ್ಲಿ ಏನೇನಿದೆ ಎಂದು ಕಡ್ಡಿ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದಳು. ಬಾಳೆಹಣ್ಣು ತಿಂದು ಮಾತ್ರ ಆರು ತಿಂಗಳಾಗಿತ್ತು. ಸಕ್ಕರೆ ಕಾಯಿಲೆಯವರಿಗೆ ಬುದ್ಧಿ ಹೇಳುವುದರಲ್ಲಿ ಡುಮ್ಮಿಯದು ಎತ್ತಿದ ಕೈ. ಡ್ಯೂಟಿ ಮುಗಿದೊಡನೆ ಆ ಕೈ ಬಿಸ್ಕತ್ತಿನ ಡಬ್ಬಕ್ಕೆ ಇಳಿಯುತ್ತಿತ್ತು.

ತಿಂಗಳಿಗೊಮ್ಮೆ ಜೋಡಿ ಜೋಡಿಯಾಗಿ ಒಬ್ಬರ ತೂಕ ಇನ್ನೊಬ್ಬರು ನೋಡಿ ಪುಸ್ತಕದಲ್ಲಿ ಬರೆಯಬೇಕು. ನಲವತ್ತಕ್ಕಿಂತ ಇಳಿದರೂ ಎಂಬತ್ತು ದಾಟಿದರೂ ವಾರ್ಡ್ ಕೆಲಸ ಬಂದ್, ಮನೆಗೆ ಕಾಗದ. ಕಡ್ಡಿ ಮೂವತ್ತೇಳಕ್ಕೆ ಇಳಿದಿದ್ದಳು, ಡುಮ್ಮಿ ಎಂಬತ್ತಮೂರಕ್ಕೆ ಏರಿದ್ದಳು.

“ನಿಂದು ಏಳು ತೆಗೆದು ನಂಗೆ ಹಾಕ್ಬಿಡೋಣ. ಯಾರಿಗೂ ನಷ್ಟ ಇಲ್ಲ,” ಎಂದಳು ಕಡ್ಡಿ.

“ತಿನ್ನದೇ ದಪ್ಪ ಆದ ಮೊದಲನೇ ಹುಡುಗಿ ನೀನೇ ಕಣೇ,” ಎಂದು ನಕ್ಕು ಡುಮ್ಮಿ ನಲವತ್ತನಾಲ್ಕು ಎಂದು ಬರೆದಳು. ಕಡ್ಡಿ ಎಪ್ಪತ್ತಾರು ಎಂದು ಬರೆದಳು. ಕ್ಲಾಸಿನ ಒಟ್ಟು ತೂಕ ಒಂದು ಗ್ರಾಮೂ ಬದಲಾಗಲಿಲ್ಲ.

ಎರಡು ವಾರ ಕಳೆದಿರಲಿಲ್ಲ, ಬೆಳಗಿನ ರೌಂಡ್ಸ್ ಹೊತ್ತಿಗೆ ಕಡ್ಡಿ ಜ್ವರದಲ್ಲಿ ನಡುಗುತ್ತ ವಾರ್ಡಿನಲ್ಲೇ ಕುಸಿದಳು. ರಕ್ತಕ್ಕೆ ಸೋಂಕು ಹತ್ತಿದೆ ಎಂದ ಡಾಕ್ಟರು, ಕಿಲೋಗೆ ಇಷ್ಟು ಎಂದು ಕೊಡುವ ಇಂಜೆಕ್ಷನ್ ಬರೆದು ಹೋದರು. ನಿಲ್ಲಲಾರದವಳನ್ನು ತೂಕದ ಯಂತ್ರ ಹತ್ತಿಸುವುದು ಹೇಗೆ? ವಾರ್ಡ್ ಸಿಸ್ಟರ್ ಪುಸ್ತಕ ತರಿಸಿ ನೋಡಿ, ನಲವತ್ತನಾಲ್ಕರ ಲೆಕ್ಕದಲ್ಲಿ ಸಿರಿಂಜ್ ತುಂಬಿದರು.

ಮಂಚದ ಪಕ್ಕದಲ್ಲಿದ್ದ ಡುಮ್ಮಿ ಸಿರಿಂಜಿನ ಗೆರೆಗಳನ್ನು ಎಣಿಸಿದಳು. ಹೆಚ್ಚಾದರೆ ಆ ಔಷಧಿ ಕಿಡ್ನಿ, ಕಿವಿ ಎರಡನ್ನೂ ಕೆಡಿಸುತ್ತದೆ. ಅದೂ ಅವಳಿಗೆ ಬಾಯಿಪಾಠ. ಕಡ್ಡಿ ಕಣ್ಣಲ್ಲೇ ಬೇಡ ಎಂದಳು.

“ಸಿಸ್ಟರ್, ಅವಳಿರೋದು ಮೂವತ್ತೇಳೇ.”

“ಪುಸ್ತಕದಲ್ಲಿ ನಲವತ್ನಾಲ್ಕಿದೆಯಲ್ಲ?”

“ಬರೆದಿದ್ದು ನಾನು.”

“ಮತ್ತೆ ಆ ಏಳು ಕಿಲೋ ಎಲ್ಲಿಂದ ಬಂತಮ್ಮಾ?”

“ನಂದು ಸಿಸ್ಟರ್. ನಾನು ಎಂಬತ್ಮೂರು.”

ಸಿಸ್ಟರ್ ಬಯ್ಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು, ಸಿರಿಂಜಿನಲ್ಲಿದ್ದ ಹೆಚ್ಚಿನ ಔಷಧಿಯನ್ನು ಹತ್ತಿಯ ಮೇಲೆ ಚೆಲ್ಲಿದರು. ಉಗುರಿನಷ್ಟಗಲ ಒದ್ದೆಯಾಯಿತು, ಅಷ್ಟೇ. ಡುಮ್ಮಿ ಅದನ್ನೇ ನೋಡುತ್ತ ನಿಂತಳು.

ಕಡ್ಡಿ ಗೋಡೆಯ ಕಡೆ ಹೊರಳಿದಳು. “ಅಪ್ಪ ಬಂದು ಕರ್ಕೊಂಡು ಹೋಗ್ತಾರೆ ಈಗ. ನಿಂಗೆ ಸಮಾಧಾನಾನಾ?”

“ನಮ್ಮಮ್ಮನಿಗೂ ಕಾಗದ ಹೋಗತ್ತೆ ಬಿಡು.”

ಸಂಜೆ ಡುಮ್ಮಿ ಒಂದು ಲೋಟ ಹಾಲು ತಂದಳು.

“ಇನ್ನೂರು ಎಂಎಲ್. ನೂರಮೂವತ್ತು ಕ್ಯಾಲೊರಿ,” ಎಂದಳು ಕಡ್ಡಿ, ಕಣ್ಣು ಮುಚ್ಚಿಕೊಂಡೇ.

“ಪಾಠ ಆಮೇಲೆ ಒಪ್ಪಿಸು. ಬಾಯಿ ತೆಗಿ.”

ಎರಡು ಗುಟುಕು ಇಳಿಯಿತು. ಮೂರನೆಯದಕ್ಕೆ ಕಡ್ಡಿ ತುಟಿ ಬಿಗಿದಳು. ರೋಗಿ ಕುಡಿದದ್ದನ್ನು ಬರೆಯುವ ಹಾಳೆ ಮಂಚದ ಕಾಲಿನ ಬಳಿ ತೂಗುತ್ತಿತ್ತು.

“ಪೂರ್ತಿ ಕುಡಿದ್ಲು ಅಂತ ಬರಿಯೇ,” ಎಂದಳು ಕಡ್ಡಿ ಮೆಲ್ಲಗೆ.

ಡುಮ್ಮಿ ಉಳಿದ ಹಾಲನ್ನು ಅಳತೆಯ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಹಾಳೆಯ ಮೇಲೆ, ಕುಡಿದದ್ದು ಮೂವತ್ತು ಎಂಎಲ್ ಎಂದು ಬರೆದಳು. ಆಮೇಲೆ ಹಾಲನ್ನು ಮತ್ತೆ ಬಿಸಿ ಮಾಡಲು ಎದ್ದಳು.