ಮುಡಿಪಿಗೆ ಬಿದ್ದ ಕ್ಯಾರಿಯರ್ ದುಡ್ಡು

ಶನಿವಾರ ಬೆಳಿಗ್ಗೆ ಮಿಂದು, ಮಡಿಯುಟ್ಟು, ಗುಣವತಿಯಮ್ಮ ಮುಡಿಪಿನ ಬಿಂದಿಗೆಯ ಬಾಯಿಗೆ ಕಟ್ಟಿದ್ದ ಅರಸಿನ ಬಟ್ಟೆಯನ್ನು ಬಿಚ್ಚಿದಾಗ ಮೂಗಿಗೆ ಬಡಿದದ್ದು ಅರಸಿನದ ವಾಸನೆಯಲ್ಲ, ನಶ್ಯದ ಘಾಟು. ಒಳಗೆ ನಾಣ್ಯಗಳ ಮೇಲೆ ನೋಟಿನ ಸುರುಳಿಗಳು. ಮನೆಯ ಮುಂದಿನ ಹೋಟೆಲಿನಲ್ಲಿ ಪೊಟ್ಟಣ ಕಟ್ಟುವ ಬಾಳೆನಾರಿನಿಂದಲೇ ಬಿಗಿದವು. ಅಂಚಿಗೆಲ್ಲ ಕಂದು ಬೆರಳಿನ ಗುರುತು. ಆ ಮನೆಯಲ್ಲಿ ನಶ್ಯ ಏರಿಸುವವನು ಒಬ್ಬನೇ, ಅವಳ ತಮ್ಮ ಸುಬ್ರಾಯ.

ಹಾಕಲು ತಂದ ನಾಣ್ಯ ಅವಳ ಕೈಯಲ್ಲೇ ಉಳಿಯಿತು.

ಅದು ತಿರುಪತಿಗೆ ಹೇಳಿಕೊಂಡ ಬಿಂದಿಗೆ. ಮದರಾಸಿಗೆ ಬಂದ ಹೊಸತರಲ್ಲಿ ಸುಬ್ರಾಯ ವಿಷಮಜ್ವರದಲ್ಲಿ ಮಲಗಿ, ಡಾಕ್ಟರೂ ತಲೆಯಾಡಿಸಿ ಹೋದಾಗ, ಗಂಡನನ್ನು ಕಳೆದುಕೊಂಡು ತಮ್ಮನ ಆಸರೆಗೆ ಬಂದಿದ್ದ ಗುಣವತಿಯಮ್ಮ ಹೊತ್ತ ಹರಕೆ. ಅಂದಿನಿಂದ ಶನಿವಾರಕ್ಕೊಂದು ನಾಣ್ಯ. ಅವರ ಊರ ಕಡೆ ಮುಡಿಪಿಗೆ ಬಿದ್ದದ್ದನ್ನು ಮನೆಯವರು ಮತ್ತೆ ತೆಗೆಯುವುದಿಲ್ಲ. ಎಷ್ಟೇ ಕಷ್ಟ ಬಂದರೂ ಸರಿ, ಬಿದ್ದ ಮೇಲೆ ಅದು ದೇವರದು.

ದುಡ್ಡು ಎಲ್ಲಿಯದೆಂದು ಅವಳಿಗೆ ಥಟ್ಟನೆ ಹೊಳೆಯಿತು. ಸುಬ್ರಾಯನ ಹೋಟೆಲು ವಡಪಳನಿಯಲ್ಲಿ, ಸಿನಿಮಾ ಸ್ಟುಡಿಯೋಗಳ ಪಕ್ಕದಲ್ಲಿ. ಸೆಟ್ಟು ಕಟ್ಟುವ ಬಡಗಿಗಳಿಗೆ, ಲೈಟಿನವರಿಗೆ ದಿನಾ ಹೊರೆಗಟ್ಟಲೆ ಕ್ಯಾರಿಯರ್ ಊಟ ಹೋಗುತ್ತಿತ್ತು. ಅದರ ದುಡ್ಡು ಹೋಟೆಲಿನ ಗಲ್ಲಾಪೆಟ್ಟಿಗೆಗೆ ಬಿದ್ದದ್ದನ್ನು ಅವಳು ಕಂಡದ್ದೇ ಇಲ್ಲ.

ಹಿಂದಿನ ವಾರವಷ್ಟೇ ಲೆಕ್ಕಪತ್ರ ಬರೆದುಕೊಡುವ ತಿರುಮಲರಾಯರು ಬಂದು ಹಿತ್ತಲ ಜಗಲಿಯಲ್ಲಿ ಕೂತು ಸುಬ್ರಾಯನ ವರಮಾನ ತೆರಿಗೆಯ ರಿಟರ್ನ್ ಬರೆದಿದ್ದರು. ತಿರುವಲ್ಲಿಕೇಣಿಯ ಹಳೆಯ ಮಾಧ್ವರ ಮನೆಯವರು. ತಲೆಮಾರುಗಳಿಂದ ಅಲ್ಲೇ ಇದ್ದು ಅವರ ಕನ್ನಡಕ್ಕೆ ತಮಿಳು ಅಂಟಿಕೊಂಡಿತ್ತು.

"ಇದರಲ್ಲಿ ಕಷ್ಟ ಏನಿದೆ, ಸೊಲ್ಲುಂಗೋ, ಹೇಳಿ?" ಎಂದಿದ್ದರು ರಾಯರು. "ವರ್ಷದಲ್ಲಿ ವ್ಯಾಪಾರದಿಂದ ಬಂದದ್ದೆಲ್ಲಾ ಮೊದಲು ಬರೀಬೇಕು. ಅದರಲ್ಲಿ ಅಕ್ಕಿ, ಉದ್ದು, ಸೌದೆ, ಬಾಡಿಗೆ, ಸಂಬಳ ಕಳೀಬೇಕು. ಮಿಕ್ಕಿದ್ದು ನಿಮ್ಮ ಆದಾಯ. ಸ್ವಲ್ಪದರವರೆಗೆ ಸರ್ಕಾರ ಮುಟ್ಟೋದಿಲ್ಲ. ಅದಕ್ಕೆ ಮೇಲೆ ಹೋದರೆ ತೆರಿಗೆ. ಹೆಚ್ಚು ಬಂದಷ್ಟೂ ಹೆಚ್ಚು ದರ. ಅವ್ವಳವುದಾನ್, ಅಷ್ಟೇ. ಹೌದೂ, ಸ್ಟುಡಿಯೋ ಕ್ಯಾರಿಯರ್ ದುಡ್ಡು ಎಲ್ಲಿ?"

"ಅದೆಲ್ಲ ಬಾಕಿ ಮಾರಾಯ್ರೆ. ಸಿನಿಮಾದವರು ಕೊಟ್ಟರಲ್ವಾ ಬರೆಯುವುದು?" ಸುಬ್ರಾಯ ಹಾಲು ಕುಡಿವ ಮಗುವಿನ ಮುಖ ಮಾಡಿದ್ದ.

"ಎನಗೇನು, ಕೆಳಗೆ ಸೈನ್ ಹಾಕೋರು ನೀವು. ಮೇಲೆ ಬರೆದಿದ್ದೆಲ್ಲ ನಿಜ ಅಂತ ಒಪ್ಪಿಕೊಂಡ ಹಾಗೆ."

ಸುಬ್ರಾಯ ಪೆನ್ನನ್ನು ಕಣ್ಣಿಗೊತ್ತಿಕೊಂಡು ಸಹಿ ಹಾಕಿದ್ದ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಗುಣವತಿಯಮ್ಮ, ಪಾಪ, ಸಿನಿಮಾದವರು ತಮ್ಮನಿಗೆ ಕೈಕೊಟ್ಟರಲ್ಲ ಎಂದು ಮರುಗಿದ್ದಳು.

ಈಗ ಅವಳು ಬಿಂದಿಗೆಯನ್ನು ಹಾಗೇ ಬಿಟ್ಟು ತಮ್ಮನನ್ನು ದೇವರ ಕೋಣೆಗೆ ಕರೆದಳು.

"ಎಂತದೋ ಇದು? ಮೂಗಿಗೆ ಹಾಕಿದ ಬೆರಳನ್ನೇ ಇಲ್ಲಿಗೂ ಹಾಕಿದ್ದೀಯಲ್ಲೋ!"

"ಬೊಬ್ಬೆ ಹಾಕಬೇಡ ಅಕ್ಕ," ಎಂದು ಅವನು ಬಾಗಿಲು ಎಳೆದುಕೊಂಡ. "ಸೋಮವಾರ ಇನ್ಕಮ್ ಟ್ಯಾಕ್ಸ್ ಆಫೀಸರು ಬರ್ತಾರಂತೆ, ಲೆಕ್ಕ ನೋಡ್ಲಿಕ್ಕೆ. ಬೀಗ ಹಾಕಿದ ಪೆಟ್ಟಿಗೆಯಾದರೆ ತೆಗೆಸಿ ನೋಡ್ತಾರೆ. ದೇವರ ಬಿಂದಿಗೆಗೆ ಯಾರು ಕೈಹಾಕ್ತಾರೆ? ಅವರು ಆಚೆ ಹೋದ ಕೂಡಲೇ ತೆಗೀತೇನೆ."

"ಅದಕ್ಕೆ ಬಿದ್ದದ್ದನ್ನು ತೆಗೆಯುವ ಕ್ರಮ ಉಂಟಾ?"

"ಹರಕೆ ಹೇಳಿ ಹಾಕಿದರೆ ತೆಗೀಬಾರದು. ನಾನು ಸುಮ್ಮನೆ ಇಟ್ಟದ್ದು. ದೇವರಿಗೆ ಅಷ್ಟೂ ಗೊತ್ತಾಗುವುದಿಲ್ವಾ?" ಎಂದು ನಕ್ಕ. "ಕೇಳಿದರೆ ಮುಡಿಪು ಅಂತ ಒಂದು ಮಾತು ಹೇಳು. ನೀನು ಸುಳ್ಳು ಹೇಳುವವಳಲ್ಲ ಅಂತ ನಿನ್ನ ಮುಖ ನೋಡಿದರೇ ಗೊತ್ತಾಗ್ತದೆ."

ಅವನ ನಗುವಿಗೆ ಅವಳ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು. ಬಿಂದಿಗೆಯೊಂದೇ ಅಲ್ಲ, ಇವನು ತನ್ನ ನಾಲಿಗೆಯ ಒಳಗೂ ಕದ್ದ ದುಡ್ಡು ತುರುಕಲು ನೋಡುತ್ತಿದ್ದಾನೆ. ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ತಮ್ಮನೆಂದರೆ ಕರುಳು ಚುರುಕ್ಕೆನ್ನುತ್ತಿತ್ತು; ಅವನ ಮುಖ ಕಂಡರೆ ಹೇಸಿಗೆಯಾಗುತ್ತಿತ್ತು. ಹಿಡಿದುಕೊಡಲಾರಳು. ದೇವರ ಎದುರು ನಿಂತು ಸುಳ್ಳಾಡಲೂ ಆರಳು.

ಸೋಮವಾರ ಬಂದ ಆಫೀಸರ ಹೆಸರು ವಿಷ್ಣುತೀರ್ಥ. ಕನ್ನಡದವರೇ, ಹಣೆಯಲ್ಲಿ ಅಂಗಾರದ ನಾಮ, ಮೆಲ್ಲನೆ ಮಾತು. ಬಿಲ್ಲು ಪುಸ್ತಕ ತಿರುವಿದರು. ಅಂಗಳಕ್ಕೆ ಬಂದು, ತೊಳೆದು ಬೋರಲು ಹಾಕಿದ್ದ ಕ್ಯಾರಿಯರ್‌ಗಳ ಸಾಲನ್ನು ತುಸು ಹೊತ್ತು ನೋಡುತ್ತ ನಿಂತರು. ಮೆಟ್ಟು ಕಳಚಿ, ಕಾಲು ತೊಳೆದು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು ಕೈಮುಗಿದರು.

"ಆ ಬಿಂದಿಗೆ?"

"ಮುಡಿಪು ಸಾರ್, ತಿಮ್ಮಪ್ಪನದ್ದು," ಎಂದ ಸುಬ್ರಾಯ, ಧ್ವನಿಯಲ್ಲಿ ಭಕ್ತಿ ಸುರಿಸುತ್ತ.

"ನಮ್ಮ ಮನೆಯಲ್ಲೂ ಒಂದಿದೆ. ನಾನು ಬಿಚ್ಚಿಸುವವನಲ್ಲ." ಅವರು ಗುಣವತಿಯಮ್ಮನ ಕಡೆ ತಿರುಗಿದರು. "ನೀವು ಹೇಳಿ ತಾಯಿ. ಅದರಲ್ಲಿರೋದೆಲ್ಲ ದೇವರದೇ ತಾನೆ?"

ಸುಬ್ರಾಯ ಅವಳನ್ನೇ ನೋಡುತ್ತಿದ್ದ. ಅವನ ಮೂಗಿನ ಕೆಳಗೆ ನಶ್ಯದ ಕಂದು ಗೆರೆಯೊಂದು ಹಾಗೇ ಇತ್ತು. ಅದನ್ನು ನೋಡುತ್ತಲೇ ಅವಳಿಗೆ ಮಾತು ಸಿಕ್ಕಿತು.

"ಹೌದು ಸ್ವಾಮಿ. ಒಳಗೆ ಬಿದ್ದದ್ದು ಅಷ್ಟೂ ದೇವರದ್ದೇ. ನಾಳೆ ಬೆಳಿಗ್ಗೆ ನಾನೇ ಹೊತ್ತುಕೊಂಡು ತಿರುಪತಿಗೆ ಹೋಗ್ತೇನೆ. ತಮ್ಮನೂ ಬರ್ತಾನೆ."

ಸುಬ್ರಾಯ ಟವೆಲಿನಿಂದ ಮೂಗು ಒರೆಸಿಕೊಂಡ.

"ಒಳ್ಳೆಯದು," ಎಂದರು ಆಫೀಸರು. ಮೆಟ್ಟು ಹಾಕಿಕೊಳ್ಳುತ್ತ, ಸುಬ್ರಾಯನಿಗೆ ಮಾತ್ರ ಕೇಳುವಂತೆಯೂ ಅಲ್ಲ, ಎಲ್ಲರಿಗೂ ಕೇಳುವಂತೆಯೂ ಅಲ್ಲ, "ಆ ಕ್ಯಾರಿಯರ್‌ಗಳ ಲೆಕ್ಕ ಮುಂದಿನ ವಾರ ಆಫೀಸಿಗೆ ತನ್ನಿ" ಎಂದು ನಡೆದರು.

ಅವರ ಬೆನ್ನು ಮರೆಯಾಗುತ್ತಲೇ ಸುಬ್ರಾಯ ಕೋಪದಿಂದ ಕುಣಿದಾಡಿದ. "ಮನೆ ಮುರಿದೆಯಲ್ಲ! ವರ್ಷದ ದುಡಿಮೆ ಅಕ್ಕ ಅದು! ತಿಮ್ಮಪ್ಪನಿಗೆ ಎಂತ ಕಡಿಮೆ ಆಗಿದೆ?" ಬಿಂದಿಗೆಗೆ ಕೈ ಚಾಚಿದ. ಅವಳು ಅಡ್ಡ ನಿಂತಳು. ಮುಟ್ಟುವ ಧೈರ್ಯ ಅವನಿಗೂ ಬರಲಿಲ್ಲ. ದೇವರ ಮೇಲೆ ಅವನಿಗಿದ್ದದ್ದು ಅಷ್ಟೇ, ಹೆದರಿಕೆ.

ಸಂಜೆ ತಿರುಮಲರಾಯರನ್ನು ಕರೆಸಿದ. "ರಾಯರೇ, ಹೇಗೂ ದೇವರಿಗೆ ಹೋಗ್ತದೆ. ದೇವರಿಗೆ ಕೊಟ್ಟದ್ದಕ್ಕೆ ತೆರಿಗೆ ಇಲ್ಲ ಅಲ್ವಾ?"

"ಯಾರು ಸೊನ್ನಾ, ಯಾರು ಹೇಳಿದ್ದು?" ರಾಯರು ಕಣ್ಣರಳಿಸಿದರು. "ಮೊದಲು ನಿಮಗೆ ಬಂತಾ ಇಲ್ಲವಾ? ಬಂದದ್ದು ಆದಾಯ. ಆಮೇಲೆ ನೀವು ದೇವರಿಗೆ ಕೊಡಿ, ಬಾವಿಗೆ ಹಾಕಿ, ಅದು ಖರ್ಚು ಅಂತ ಕಳೆಯೋಕಾಗಲ್ಲ. ಬೇರೆ ರಿಟರ್ನ್ ಬರೆದು ನೀವಾಗೇ ಒಪ್ಪಿಕೊಂಡರೆ ದಂಡ ತಪ್ಪಬಹುದು. ತೆರಿಗೆ ತಪ್ಪೋದಿಲ್ಲ. ಅಂದೇ ನಿಜ ಬರೆದಿದ್ದರೆ ಒಂದು ಪಾಲು ಹೋಗ್ತಿತ್ತು, ಉಳಿದದ್ದು ನಿಮ್ಮ ಹತ್ತಿರ ಇರ್ತಿತ್ತು."

ಸುಬ್ರಾಯ ಪೆನ್ನು ತೆಗೆದು ರಾಯರ ಮುಂದಿಟ್ಟ. "ಬರೀರಿ" ಎಂದ ಕೊನೆಗೆ. ಆ ಮಾತಿನಲ್ಲಿ ಪಶ್ಚಾತ್ತಾಪದ ಹನಿಯೂ ಇಲ್ಲವೆಂಬುದು ಒಳಗಿದ್ದ ಗುಣವತಿಯಮ್ಮನಿಗೆ ಕೇಳಿಸಿತು.

ಮರುದಿನ ತಿರುಪತಿಯಲ್ಲಿ ಸಾಲಿನಲ್ಲಿ ನಿಂತು, ಅವಳು ಬಿಂದಿಗೆಯನ್ನು ಹುಂಡಿಯ ಬಾಯಿಗೆ ಬಗ್ಗಿಸಿದಳು. ತನ್ನ ನಾಣ್ಯಗಳು ಸದ್ದು ಮಾಡುತ್ತ ಇಳಿದವು. ಸುರುಳಿಗಳು ಸದ್ದಿಲ್ಲದೆ ಬಿದ್ದವು. ಇಷ್ಟು ವರ್ಷದ ಹರಕೆ ತೀರಿತು ಎಂದು ಕಣ್ಣು ಮುಚ್ಚಿದಳು. ಆಗ ಬೆನ್ನ ಹಿಂದೆ ತಮ್ಮನ ದನಿ ಕೇಳಿತು. ಅವನು ದೇವಸ್ಥಾನದ ಗುಮಾಸ್ತನೊಬ್ಬನ ತೋಳು ಹಿಡಿದು, ಅರ್ಧ ತಮಿಳಿನಲ್ಲಿ ಅಂಗಲಾಚುತ್ತಿದ್ದ.

"ಇದಕ್ಕೊಂದು ರಶೀದಿ ಸಿಗ್ತದಾ ಸ್ವಾಮಿ? ಇನ್ಕಮ್ ಟ್ಯಾಕ್ಸಿನವರಿಗೆ ತೋರಿಸ್ಲಿಕ್ಕೆ. ಸ್ವಲ್ಪ ಜಾಸ್ತಿ ಬರೆದರೂ ಅಡ್ಡಿಯಿಲ್ಲ."

"ಹುಂಡಿಗೆ ರಶೀದಿಯಾ!" ಗುಮಾಸ್ತ ತೋಳು ಕೊಡವಿಕೊಂಡು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಗುಣವತಿಯಮ್ಮ ಕಣ್ಣು ತೆರೆದಳು. ದೇವರ ಹತ್ತಿರ ಹೇಳಿಕೊಳ್ಳಬೇಕೆಂದಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ.

ಮದರಾಸಿನ ಬಸ್ಸಿನಲ್ಲಿ ಅವನು ಅವಳಿಗೆಂದು ಪಕ್ಕದ ಜಾಗದ ಮೇಲೆ ಟವೆಲು ಹಾಸಿ ಕಾದಿಟ್ಟಿದ್ದ. ಅವಳು ಅದನ್ನು ದಾಟಿ ಮುಂದೆ ಹೋಗಿ, ಹೆಂಗಸರ ಸೀಟಿನಲ್ಲಿ, ಕೋಳಿ ಬುಟ್ಟಿ ಹಿಡಿದು ಕೂತಿದ್ದ ಮುದುಕಿಯ ಪಕ್ಕ ಕೂತಳು. ಬುಟ್ಟಿಯ ನಾತಕ್ಕೆ ಮೂಗು ಮುಚ್ಚಿಕೊಳ್ಳಲಿಲ್ಲ.

"ಅಕ್ಕಾ, ಇಲ್ಲಿ ಜಾಗ ಉಂಟು," ಎಂದು ಸುಬ್ರಾಯ ಹಿಂದಿನಿಂದ ಕರೆದ. ಇನ್ನೊಮ್ಮೆ ಕರೆದ.

ಮುದುಕಿ ಬುಟ್ಟಿಯನ್ನು ಸರಿಸಿ ಅವಳಿಗೆ ಇನ್ನಷ್ಟು ಜಾಗ ಬಿಟ್ಟಳು. ಬಸ್ಸು ಹೊರಟಿತು.