ಹದಿನೆಂಟು ಜನರ ಗಾಳಿ

"ಏನಪ್ಪಾ, ಈ ಕಬ್ಬಿಣದ ಮಂಚದ ಮೇಲೆ ಹಾವೇರಿಗೆ ಬರ್ತೀಯಾ? ಹಾಸಿಗೆ ದಿಂಬೂ ತಂದಿದೀಯಾ?"

ನಿರಂಜನ್ ಸರ್ ಹೀಗಂದಾಗ ಹಿರಿಯೂರು ಬೈಪಾಸಿನ ಪಂಕ್ಚರ್ ಅಂಗಡಿ ಮುಂದೆ ಅವರ ಸೈಕಲ್ ಗುಂಪಿನ ಹದಿನೆಂಟು ಜನ ಬಿದ್ದು ಬಿದ್ದು ನಕ್ಕರು. ಮಂಚ ಅಂದದ್ದು ನನಗೆ. ನಾನು ಒಂದು ಸೈಕಲ್.

ಲೂಧಿಯಾನದ ಕಾರ್ಖಾನೆಯಲ್ಲಿ ಹುಟ್ಟಿ, ಗೂಡ್ಸ್ ಗಾಡಿಯಲ್ಲಿ ಬಂದವನು. ಮೊದಲ ಯಜಮಾನ ಲೈನ್‌ಮನ್ ಮಾರಣ್ಣ ಹದಿನಾಲ್ಕು ವರ್ಷ ತಂತಿ ಸುರುಳಿ ಹೊರಿಸಿದ. ಅವನು ಸತ್ತ ಮೇಲೆ ಅಳಿಯ ಗುಜರಿಗೆ ಹಾಕಿದ. ಅಲ್ಲಿಂದ ಎತ್ತಿಕೊಂಡು ಬಂದವನು ಈ ಪಂಕ್ಚರ್ ಅಂಗಡಿಯ ಓಬಳೇಶ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಈಗ ಇಪ್ಪತ್ತೆರಡು. ನನ್ನ ಎಲುಬು ಬಿಟ್ಟು ಮಿಕ್ಕಿದ್ದೆಲ್ಲ ಅವನೇ ಹಾಕಿದ್ದು.

ಆ ಜನ ಚೆನ್ನೈಯಿಂದ ಗೋವಾಕ್ಕೆ ತುಳಿಯುತ್ತಿದ್ದರು. ಅವರ ಮೆಕ್ಯಾನಿಕ್ ಜ್ವರ ಬಂದು ವಾಪಸ್ಸಾಗಿದ್ದ. ಹಿಂದಿನ ಸಂಜೆ ಅವರ ಎರಡು ಸೊಟ್ಟ ಚಕ್ರ ನೆಟ್ಟಗೆ ಮಾಡಿಕೊಟ್ಟ ಓಬಳೇಶ, "ಸರ್, ನನ್ನೇ ಕರ್ಕೊಂಡ್ ಹೋಗಿ" ಅಂದಿದ್ದ.

ನಿರಂಜನ್ ಸರ್ ಷರತ್ತು ಹಾಕಿದ್ದರು: "ನಮ್ಮ ಮೆಕ್ಯಾನಿಕ್ ನಮ್ಮ ಜೊತೇಲೇ ತುಳೀಬೇಕು. ನಾಳೆ ಸಂಜೆ ಆರರೊಳಗೆ ಹಾವೇರಿ ಮುಟ್ಟು. ಗೋವಾವರೆಗೂ ನೀನೇ, ಆಮೇಲೆ ನನ್ನ ಸೈಕಲ್ ಅಂಗಡೀಲಿ ಕೆಲಸ."

ಹೈವೇ ಬದಿಯ ಆ ಮಸಿಯಿಂದ ಎದ್ದು ಹೋಗೋಕೆ ಅವನಿಗೆ ಸಿಕ್ಕಿದ್ದು ಅದೊಂದೇ ದಾರಿ.

ಆಷಾಢದ ಗಾಳಿ. ಚಿತ್ರದುರ್ಗದ ಗುಡ್ಡದ ಮೇಲಿನ ದೊಡ್ಡ ದೊಡ್ಡ ಫ್ಯಾನು ತಿರುಗಿಸುವ ಗಾಳಿ, ಎದುರಿಗೇ ಬಡಿಯುತ್ತಿತ್ತು. ಇಂಥ ಗಾಳಿಗೆ ಆ ಜನರಲ್ಲಿ ಒಂದು ಪದ್ಧತಿ ಇದೆ. ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು. ಮುಂದಿರುವವನು ಗಾಳಿ ಒಡೆಯಬೇಕು. ಹತ್ತು ನಿಮಿಷಕ್ಕೆ ಅವನು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗಿ ದಣಿವಾರಿಸಿಕೊಳ್ಳಬೇಕು. ಓಬಳೇಶನಿಗೆ ಇದು ಗೊತ್ತಿಲ್ಲ. ಸರದಿ ಬಂದು ಮುಂದೆ ಹೋದವನು ಹಿಂದಕ್ಕೆ ಬರಲೇ ಇಲ್ಲ. ಹಿಂದೆ ಬಿದ್ದರೆ ಮಾನ ಹೋಯ್ತು ಅಂದುಕೊಂಡ.

"ಎಳೀ ಗುರೂ, ಎಳೀ! ಬುಲೆಟ್ ಕಣಯ್ಯ ನೀನು!" ಬೆನ್ನ ಹಿಂದಿನಿಂದ ನಿರಂಜನ್ ಸರ್.

ಹೊಗಳಿಕೆಗೆ ಉಬ್ಬಿದ, ಇನ್ನೂ ಜೋರಾಗಿ ತುಳಿದ. ದಾವಣಗೆರೆ ದಾಟಿದರೂ ಒಬ್ಬನೂ ಬಾಯಿ ಬಿಡಲಿಲ್ಲ. ಐದು ದಿನ ತುಳಿದು ಸೋತ ಕಾಲುಗಳಿಗೆ ಪುಕ್ಕಟೆ ಮರೆ ಸಿಕ್ಕಿತ್ತು. ಅವರ ಪಾಲಿನ ಗಾಳಿಯೆಲ್ಲ ನನ್ನ ಹ್ಯಾಂಡಲ್‌ಗೆ, ಅವನ ಎದೆಗೆ. ನನಗೆ ಬಾಯಿಲ್ಲ. ಬೆಲ್ಲೇನೋ ಇದೆ, ಅದನ್ನು ಹೊಡೆಯೋಕೂ ಇನ್ನೊಬ್ಬರ ಕೈ ಬೇಕು.

ರಾಣೆಬೆನ್ನೂರಿನ ಹತ್ತಿರ ಅವನ ತೊಡೆ ಹಿಡಿದುಕೊಂಡಿತು. ಸಾಲು ಸರಸರನೆ ನಮ್ಮನ್ನು ದಾಟಿತು. ಕೊನೆಯಲ್ಲಿದ್ದ ಹೆಂಗಸೊಬ್ಬರು ಕೂಗಿದರು: "ತಮ್ಮಾ, ಹತ್ತು ನಿಮಿಷಕ್ಕೆ ಹಿಂದೆ ಬರ್ಬೇಕಿತ್ತು ಕಣೋ! ಯಾರೂ ಹೇಳ್ಲಿಲ್ವಾ?"

ನೀವೂ ಹೇಳಲಿಲ್ಲವಲ್ಲ, ತಾಯಿ.

ಹಾವೇರಿಯ ಖಾನಾವಳಿ ಮುಟ್ಟಿದಾಗ ಆರು ಇಪ್ಪತ್ತು. ನಿರಂಜನ್ ಸರ್ ರೊಟ್ಟಿ ಮುರಿಯುತ್ತಿದ್ದರು.

"ಟೈಮ್ ಅಂದ್ರೆ ಟೈಮಪ್ಪ. ನಾವೆಲ್ಲ ಐದೂಮುಕ್ಕಾಲಿಗೇ ಬಂದ್ವಿ. ಆದ್ರೂ ಚೆನ್ನಾಗಿ ಎಳೆದೆ, ಬಿಡು. ಬಾ, ಊಟ ಮಾಡು, ಒಂದು ಫೋಟೋ ತಗೊಳ್ಳೋಣ."

ಓಬಳೇಶ ನನ್ನನ್ನು ಗೋಡೆಗೆ ಒರಗಿಸಿದ. ಇವತ್ತಿಗೂ ನಾನು ಆ ಗೋಡೆಗೇ ಒರಗಿದ್ದೇನೆ. ಟೈರು ಸೀಳಿದೆ, ಸೀಟನ್ನು ನಾಯಿ ಕಚ್ಚಿಕೊಂಡು ಹೋಯಿತು, ಚೈನು ತುಕ್ಕು ಹಿಡಿದು ಒಂದೇ ಕಡ್ಡಿಯಾಗಿದೆ. ದುಡಿದವನಿಗೆ ಫಲ ಇದ್ದೇ ಇದೆ ಅಂತ ಶಾಲೆ ಗೋಡೆ ಮೇಲೆ ಬರೆಯುತ್ತಾರೆ. ಬರೆದವನು ಯಾರ ಬೆನ್ನ ಮರೆಯಲ್ಲಿ ತುಳಿದಿದ್ದನೋ!

ಆವತ್ತು ನಿರಂಜನ್ ಸರ್ ಮತ್ತೆ ಕೂಗಿದರು. "ಏಯ್, ಬಾರಯ್ಯಾ! ಇಷ್ಟಕ್ಕೇ ಕೋಪಾನಾ?"

ಓಬಳೇಶ ಅವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕುಂಟುತ್ತಾ ರಸ್ತೆ ದಾಟಿ ನಡೆದುಬಿಟ್ಟ.